ಶರೀಫರಿಗೆ ಯಾವ ಕಪಾಟು?

ಶಿಶುನಾಳ ಶರೀಫರನ್ನು ಹುಬ್ಬಳ್ಳಿ-ಧಾರವಾಡದ ಓದುಗರಿಗೆ ಪರಿಚಯಿಸುವ ಅಗತ್ಯವಿಲ್ಲ. 1819ರಿಂದ 1889ರವರೆಗೆ ಬಾಳಿದ ಈ ತತ್ವಪದಕಾರರ ಹಾಡುಗಳನ್ನು ಬಾಯಿಪಾಠವಾಗಿ ಹೇಳುವ ಹಿರಿಯರು ಈ ಸೀಮೆಯ ಹಳ್ಳಿಹಳ್ಳಿಗಳಲ್ಲಿದ್ದಾರೆ. ಸಿ. ಅಶ್ವತ್ಥ್ ಅವರ ಕಂಠದಲ್ಲಿ ಅವನ್ನು ಕೇಳಿದವರು ನಾಡಿನ ತುಂಬ ಇದ್ದಾರೆ. ಆದರೆ ಅವರ ಪದಗಳ ಸಂಗ್ರಹವನ್ನು ಒಂದು ಗ್ರಂಥಾಲಯದಲ್ಲಿ ಹುಡುಕಿ ಕೈಗೆತ್ತಿಕೊಳ್ಳುವುದು ಎಷ್ಟು ಕಷ್ಟ ಎಂಬುದು ನಮಗೆ ತಿಳಿದದ್ದು ಒಬ್ಬ ವಿದ್ಯಾರ್ಥಿನಿಯಿಂದ.

ಪದವಿ ತರಗತಿಯಲ್ಲಿ ಓದುವ ಆ ಹುಡುಗಿ ಮೊಹರಮ್ಮಿನ ಅಲಾವಿ ಪದಗಳ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ಶರೀಫರೂ ಅಲಾವಿ ಪದಗಳನ್ನು ಕಟ್ಟಿದವರೆಂದು ಅವಳಿಗೆ ಗೊತ್ತಿತ್ತು. ಕನ್ನಡ ಕಾವ್ಯದ ಕಪಾಟನ್ನೆಲ್ಲ ಜಾಲಾಡಿ, ಪುಸ್ತಕ ಇಲ್ಲವೆಂದುಕೊಂಡು ಬರಿಗೈಯಲ್ಲಿ ಮರಳಿದ್ದಳು. ನಾವು ಅವಳ ಜೊತೆ ಅವಳಿ ನಗರದ ಮೂರು ಗ್ರಂಥಾಲಯಗಳಿಗೆ ಹೋದೆವು. ಅವುಗಳ ಹೆಸರು ಇಲ್ಲಿ ಬೇಡ. ಯಾರನ್ನೂ ದೂರುವುದು ನಮ್ಮ ಉದ್ದೇಶವಲ್ಲ, ಮತ್ತು ಈ ತೊಂದರೆ ಆ ಮೂರು ಕಟ್ಟಡಗಳಿಗೆ ಸೀಮಿತವಾದುದೂ ಅಲ್ಲ.

ಮೊದಲನೆಯ ಗ್ರಂಥಾಲಯದಲ್ಲಿ ಶರೀಫರ ಪದಗಳ ಪುಸ್ತಕ ಸಿಕ್ಕಿದ್ದು 297ರಲ್ಲಿ. ಅಂದರೆ ಇಸ್ಲಾಂ ಧರ್ಮದ ಕಪಾಟಿನಲ್ಲಿ, ನಮಾಝಿನ ವಿಧಿ ತಿಳಿಸುವ ಕಿರುಹೊತ್ತಗೆಗಳ ನಡುವೆ. ಯಾಕೆಂದು ಕೇಳಿದಾಗ ಸಿಬ್ಬಂದಿ ಸೌಜನ್ಯದಿಂದಲೇ ಉತ್ತರಿಸಿದರು: "ಬರದವ್ರು ಮುಸ್ಲಿಂರಲ್ರೀ ಸರ್, ಅದಕ್ಕ ಅಲ್ಲಿ ಇಟ್ಟೀವ್ರಿ." ಎರಡನೆಯ ಕಡೆ ಅದೇ ಪದಗಳ ಇನ್ನೊಂದು ಸಂಗ್ರಹ 294.5ರಲ್ಲಿ, ಅಂದರೆ ಹಿಂದೂ ಧರ್ಮದ ವಿಭಾಗದಲ್ಲಿತ್ತು. ಅಲ್ಲಿಯ ಉತ್ತರವೂ ಸಿದ್ಧವಿತ್ತು: "ಅವರ ಗುರುಗಳು ಗೋವಿಂದ ಭಟ್ಟರು ಅಲ್ಲೇನ್ರೀ? ಸಂತರ ಪುಸ್ತಕ ಎಲ್ಲಾ ಇಲ್ಲೇ ಅದಾವ ನೋಡ್ರಿ." ಮೂರನೆಯ ಕಡೆ ಪುಸ್ತಕ 894.8141ರಲ್ಲಿ, ಕನ್ನಡ ಕಾವ್ಯದಲ್ಲಿ, ಇರಬೇಕಾದಲ್ಲಿಯೇ ಇತ್ತು. ಆದರೆ ಅಲ್ಲಿಯ ಕಂಪ್ಯೂಟರಿನಲ್ಲಿ 'ಅಲಾವಿ' ಎಂದು ಹುಡುಕಿದರೆ ಏನೂ ಬರಲಿಲ್ಲ. 'ಮೊಹರಂ' ಎಂದರೂ ಬರಲಿಲ್ಲ. 'ಸೂಫಿ' ಎಂದರೂ ಇಲ್ಲ. ಪುಸ್ತಕದ ಹೆಸರನ್ನು ಅಕ್ಷರ ತಪ್ಪದೆ ಬರೆದರೆ ಮಾತ್ರ ಅದು ಕಾಣಿಸಿಕೊಳ್ಳುತ್ತಿತ್ತು.

ಒಂದೇ ಕವಿ, ಒಂದೇ ಪದಗಳು, ಒಂದೇ ಅವಳಿ ನಗರ. ಕಪಾಟುಗಳು ಮಾತ್ರ ಮೂರು. ಇದನ್ನು ನೋಡಿ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಯೋಚಿಸಿದಷ್ಟೂ ಇದು ನಗುವ ವಿಷಯವಲ್ಲ ಎನಿಸಿತು. ಗ್ರಂಥಾಲಯದಲ್ಲಿ ತಪ್ಪು ಜಾಗದಲ್ಲಿರುವ ಪುಸ್ತಕವೂ ಇಲ್ಲದ ಪುಸ್ತಕವೂ ಓದುಗನ ಪಾಲಿಗೆ ಒಂದೇ. ಒಬ್ಬ ಕನ್ನಡ ಕವಿಯನ್ನು ಅವನ ಹೆಸರು ನೋಡಿ ಧರ್ಮದ ಕಪಾಟಿಗೆ ಕಳಿಸಿದಾಗ ಕಾವ್ಯದ ಕಪಾಟಿನ ಮುಂದೆ ನಿಂತ ಓದುಗನಿಗೆ ಆ ಕವಿ ಇಲ್ಲವಾಗುತ್ತಾನೆ.

ಈ ತಪ್ಪು ಹುಟ್ಟುವುದು ಎಲ್ಲಿ? ಪುಸ್ತಕದ ಬೆನ್ನಿಗೆ ಅಂಟಿಸುವ ಚೀಟಿಯಲ್ಲಿ ಅಲ್ಲ, ಅದಕ್ಕೂ ಮೊದಲಿನ ಒಂದು ಹೆಜ್ಜೆಯಲ್ಲಿ ಎಂಬುದು ನಮ್ಮ ಅಭಿಪ್ರಾಯ. ಆ ಹೆಜ್ಜೆಗೆ ವಿಷಯ ಶೀರ್ಷಿಕೆ ಎಂದು ಹೆಸರು. ಸಾಮಾನ್ಯ ಓದುಗರಿಗೆ ಇದರ ಪರಿಚಯ ಕಡಿಮೆಯಾದ್ದರಿಂದ ಸ್ವಲ್ಪ ವಿವರಿಸುತ್ತೇವೆ.

ಅಮೆರಿಕದ ಮೆಲ್ವಿಲ್ ಡ್ಯೂಯಿ ತನ್ನ ದಶಮಾಂಶ ವರ್ಗೀಕರಣವನ್ನು ಪ್ರಕಟಿಸಿದ್ದು 1876ರಲ್ಲಿ. ಆಗ ಅದು ಕೇವಲ 44 ಪುಟಗಳ ಹೊತ್ತಗೆ. ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಹತ್ತು ಹತ್ತಾಗಿ ಒಡೆಯುತ್ತ ಹೋಗುವ ಈ ಕ್ರಮ ಇಂದು ನಮ್ಮ ಬಹುಪಾಲು ಗ್ರಂಥಾಲಯಗಳಲ್ಲಿ ಬಳಕೆಯಲ್ಲಿದೆ. 200 ಧರ್ಮ, 300 ಸಮಾಜ ವಿಜ್ಞಾನ, 800 ಸಾಹಿತ್ಯ, ಹೀಗೆ. ಅದೇ 1876ರಲ್ಲಿ ಚಾರ್ಲ್ಸ್ ಕಟ್ಟರ್ ಎಂಬ ಇನ್ನೊಬ್ಬ ಗ್ರಂಥಪಾಲಕ ಗ್ರಂಥಸೂಚಿಗೆ ನಿಯಮಗಳನ್ನು ಬರೆದ. ಓದುಗನಿಗೆ ಲೇಖಕನ ಹೆಸರು ಗೊತ್ತಿರಲಿ, ಪುಸ್ತಕದ ಹೆಸರು ಗೊತ್ತಿರಲಿ, ಬರೀ ವಿಷಯ ಗೊತ್ತಿರಲಿ, ಮೂರರಲ್ಲಿ ಯಾವ ದಾರಿಯಿಂದ ಬಂದರೂ ಪುಸ್ತಕ ಸಿಗಬೇಕು ಎಂಬುದು ಅವನ ನಿಲುವು. ಈ ಮೂರನೆಯ ದಾರಿಯೇ ವಿಷಯ ಶೀರ್ಷಿಕೆ.

ಎರಡಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಸಂಖ್ಯೆ ಎಂಬುದು ಪುಸ್ತಕದ ಮನೆ. ಒಂದು ಪ್ರತಿ ಒಂದೇ ಜಾಗದಲ್ಲಿ ಇರಬಲ್ಲದು, ಆದ್ದರಿಂದ ಅದಕ್ಕೆ ಒಂದೇ ಸಂಖ್ಯೆ. ಶೀರ್ಷಿಕೆಗಳಾದರೋ ಆ ಮನೆಗೆ ಬರುವ ದಾರಿಗಳು. ಅವು ಎರಡಿರಬಹುದು, ನಾಲ್ಕಿರಬಹುದು. ಸಂಖ್ಯೆಯನ್ನು ಹುಡುಕಲು ಶೀರ್ಷಿಕೆಯೇ ಸರಿಯಾದ ಆರಂಭ. 'ಈ ಪುಸ್ತಕ ಯಾವುದರ ಬಗ್ಗೆ ಇದೆ?' ಎಂಬ ಪ್ರಶ್ನೆಗೆ ಮೊದಲು ಒಂದು ವಾಕ್ಯದಲ್ಲಿ ಉತ್ತರ ಬರೆದುಕೊಳ್ಳಬೇಕು. ಆ ಉತ್ತರವನ್ನು ಒಪ್ಪಿತ ಪಟ್ಟಿಯೊಂದರ ಪದಕ್ಕೆ ಹೊಂದಿಸಬೇಕು. ಚಿಕ್ಕ ಗ್ರಂಥಾಲಯಗಳಿಗೆಂದು ಮಿನ್ನಿ ಅರ್ಲ್ ಸಿಯರ್ಸ್ 1923ರಲ್ಲಿ ಸಿದ್ಧಪಡಿಸಿದ ಪಟ್ಟಿ ಇಂದಿಗೂ ಪರಿಷ್ಕಾರಗೊಳ್ಳುತ್ತ ಬಳಕೆಯಲ್ಲಿದೆ. ಅದರಲ್ಲಿ ಶೀರ್ಷಿಕೆಯ ಪಕ್ಕದಲ್ಲೇ ಡ್ಯೂಯಿ ಸಂಖ್ಯೆಯನ್ನು ಸೂಚಿಸಿರುತ್ತಾರೆ. ಡ್ಯೂಯಿ ಗ್ರಂಥದ ಕೊನೆಯಲ್ಲಿರುವ ಸಾಪೇಕ್ಷ ಸೂಚಿಯೂ ಇದೇ ಕೆಲಸ ಮಾಡುತ್ತದೆ. ಆದರೆ ಅಲ್ಲಿ ಸಿಕ್ಕ ಸಂಖ್ಯೆ ಕೇವಲ ಸುಳಿವು. ಮುಖ್ಯ ಪಟ್ಟಿಗೆ ಹೋಗಿ, ಆ ಸಂಖ್ಯೆಯ ಹಿಂದೆ ಮುಂದೆ ಏನಿದೆ ಎಂದು ನೋಡಿ, ಆಮೇಲೆಯೇ ಚೀಟಿ ಬರೆಯಬೇಕು.

ಮದುವೆಯ ವಿಷಯವನ್ನೇ ತೆಗೆದುಕೊಳ್ಳೋಣ. ನಿಕಾಹ್ ಕುರಿತು ಒಂದು ಕನ್ನಡ ಪುಸ್ತಕ ಬಂತೆನ್ನಿ. ಸಾಪೇಕ್ಷ ಸೂಚಿಯಲ್ಲಿ 'ಮದುವೆ' ಎಂಬಲ್ಲಿ ಒಂದೇ ಸಂಖ್ಯೆ ಇರುವುದಿಲ್ಲ. ಸಮಾಜಶಾಸ್ತ್ರದ ದೃಷ್ಟಿಯಿಂದ ಬರೆದಿದ್ದರೆ 306.81. ಮದುವೆಯ ಆಚಾರ, ಉಡುಗೆ, ಊಟೋಪಚಾರಗಳ ವರ್ಣನೆಯಾದರೆ 392.5. ದೇಶದ ಕಾನೂನಿನ ದೃಷ್ಟಿಯಾದರೆ 346.016. ಇಸ್ಲಾಮೀ ಧರ್ಮಶಾಸ್ತ್ರದ ವಿಚಾರಣೆಯಾದರೆ 340.59. ದಾಂಪತ್ಯದಲ್ಲಿ ಮುಸ್ಲಿಮನ ಧಾರ್ಮಿಕ ನಡವಳಿಕೆ ಹೇಗಿರಬೇಕೆಂದು ಹೇಳುವ ಪುಸ್ತಕವಾದರೆ 297.577. ಒಂದೇ ವಿಷಯಕ್ಕೆ ಐದು ಮನೆಗಳು. ಯಾವುದು ಸರಿ ಎಂದು ನಿರ್ಧರಿಸಲು ಪುಸ್ತಕದ ಮುನ್ನುಡಿ, ಪರಿವಿಡಿಗಳನ್ನಾದರೂ ಓದಲೇಬೇಕು. ಲೇಖಕರ ಹೆಸರು ಓದಿದರೆ ಸಾಲದು. ವರದಕ್ಷಿಣೆಯ ವಿರುದ್ಧ ಸಮೀಕ್ಷೆ ನಡೆಸಿ ಬರೆದ ಪುಸ್ತಕವನ್ನು ಲೇಖಕಿ ಮುಸ್ಲಿಂ ಎಂಬ ಒಂದೇ ಕಾರಣಕ್ಕೆ 297ಕ್ಕೆ ಸೇರಿಸಿದರೆ, ವರದಕ್ಷಿಣೆಯ ಬಗ್ಗೆ ಓದಬಯಸುವ ಸಮಾಜಶಾಸ್ತ್ರದ ವಿದ್ಯಾರ್ಥಿಗೆ ಅದು ಎಂದೂ ಸಿಗುವುದಿಲ್ಲ. ಮುಸ್ಲಿಂ ಮಹಿಳೆಯೂ ಈ ಸಮಾಜದ ಬಗ್ಗೆ ಮಾತಾಡುತ್ತಿದ್ದಾಳೆ ಎಂಬ ಸಂಗತಿಯೇ ಆ ಕಪಾಟಿನಿಂದ ಮಾಯವಾಗುತ್ತದೆ.

ಹೆಸರು ನೋಡಿ ಸಂಖ್ಯೆ ಕೊಡುವ ಈ ಅಭ್ಯಾಸ ದ್ವೇಷದಿಂದ ಬಂದದ್ದಲ್ಲ ಎಂದು ನಾವು ನಂಬುತ್ತೇವೆ. ಸಾವಿರಾರು ಪುಸ್ತಕಗಳು ಒಮ್ಮೆಲೇ ಬಂದು ಬೀಳುತ್ತವೆ, ಕೈಗಳು ಕಡಿಮೆ, ಹೊತ್ತು ಕಡಿಮೆ. ಶೀರ್ಷಿಕೆ ಬರೆಯುವ ಹೆಜ್ಜೆಯನ್ನು ಹಾರಿ ನೇರವಾಗಿ ಸಂಖ್ಯೆಗೆ ಹೋಗುತ್ತಾರೆ. ಆಗ ಮುಖಪುಟದಲ್ಲಿ ಕಣ್ಣಿಗೆ ಬೀಳುವುದು ಹೆಸರು ಮಾತ್ರ. ಆದರೆ ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ಪರಿಣಾಮ ಒಳ್ಳೆಯದಾಗುವುದಿಲ್ಲ. ಕನ್ನಡದಲ್ಲಿ ಬರೆಯುವ ಮುಸ್ಲಿಮನನ್ನು 'ಕನ್ನಡದಲ್ಲಿ ಬರೆಯುವವ' ಎಂದಲ್ಲ, 'ಮುಸ್ಲಿಮ' ಎಂದಷ್ಟೇ ಗುರುತಿಸುವ ಹೊರಗಿನ ರೂಢಿಯನ್ನೇ ಗ್ರಂಥಾಲಯವೂ ಸದ್ದಿಲ್ಲದೆ ಮುಂದುವರಿಸಿದಂತಾಗುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸಂಖ್ಯೆಯನ್ನು ನಿಯಮದಂತೆ ಸರಿಯಾಗಿ ಕೊಟ್ಟರೂ ಅಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಗೆ ಡ್ಯೂಯಿ ನಿಯಮದಂತೆ ಸಲ್ಲುವ ಮನೆ 894.8143, ಅಂದರೆ ಕನ್ನಡ ಕಥಾಸಾಹಿತ್ಯ. ಸಾಹಿತ್ಯ ಕೃತಿಗಳನ್ನು ಭಾಷೆ ಮತ್ತು ಪ್ರಕಾರದಿಂದ ವಿಂಗಡಿಸಬೇಕೇ ಹೊರತು ಕಥಾವಸ್ತುವಿನಿಂದ ಅಲ್ಲ. ಇದು ಸರಿಯಾದ ನಿಯಮ, ಗೌರವದ ನಿಯಮ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ಕಥೆಗಳಿಗೂ ಕನ್ನಡ ಕಪಾಟಿನಲ್ಲಿ ಅದೇ ಸಾಲು. ಆದರೆ ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನು ಅರಿಯಬಯಸಿ ಬಂದ ಓದುಗನಿಗೆ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಅಲ್ಲಿ ನೆರವಿಗೆ ಬರಬೇಕಾದದ್ದು ಶೀರ್ಷಿಕೆ: 'ಮುಸ್ಲಿಂ ಮಹಿಳೆಯರು – ಕಥಾಸಾಹಿತ್ಯ', 'ತಲಾಖ್ – ಕಥಾಸಾಹಿತ್ಯ'. ಅಂದರೆ ಸಂಖ್ಯೆ ಲೇಖಕಿಯನ್ನು ಕನ್ನಡದವಳನ್ನಾಗಿ ಉಳಿಸುತ್ತದೆ, ಶೀರ್ಷಿಕೆ ಅವಳ ಅನುಭವದ ವಿಶಿಷ್ಟತೆಯನ್ನು ಮರೆಯದಂತೆ ನೋಡಿಕೊಳ್ಳುತ್ತದೆ. ಎರಡೂ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಅರ್ಧ ನ್ಯಾಯವಷ್ಟೇ ಆದೀತು.

ಇಷ್ಟು ಹೇಳಿದ ಮೇಲೆ, ಪದ್ಧತಿಯೇ ಪೂರ್ಣ ನಿಷ್ಪಕ್ಷಪಾತವೆಂದು ಭಾವಿಸಬೇಕಾಗಿಲ್ಲ. ಡ್ಯೂಯಿಯ 200ನೇ ತರಗತಿಯಲ್ಲಿ 220 ಬೈಬಲ್ಲಿಗೆ, 230ರಿಂದ 280ರವರೆಗೆ ಕ್ರೈಸ್ತ ಧರ್ಮಕ್ಕೆ. ಜಗತ್ತಿನ ಉಳಿದೆಲ್ಲ ಧರ್ಮಗಳೂ 290ರಲ್ಲಿ ಒತ್ತಿಕೊಂಡು ಕೂರಬೇಕು. ಹಳೆಯ ಆವೃತ್ತಿಗಳಲ್ಲಿ 297ರ ಮುಂದೆ ಇದ್ದದ್ದು 'ಇಸ್ಲಾಂ' ಎಂಬ ಹೆಸರಲ್ಲ, 'ಮಹಮ್ಮದೀಯ ಮತ' ಎಂಬರ್ಥದ ಪದ. ಯಾವ ಮುಸ್ಲಿಮನೂ ತನ್ನ ಧರ್ಮವನ್ನು ಹಾಗೆ ಕರೆಯುವುದಿಲ್ಲ. 1996ರ 21ನೇ ಆವೃತ್ತಿಯಲ್ಲಿ 297ನ್ನು ಸಾಕಷ್ಟು ವಿಸ್ತರಿಸಿ ಒಳವಿಭಾಗಗಳನ್ನು ಸರಿಪಡಿಸಿದರು. 2003ರ ಆವೃತ್ತಿಯಲ್ಲಿ ಕ್ರೈಸ್ತ ಪಕ್ಷಪಾತವನ್ನು ತಗ್ಗಿಸುವ ಕೆಲಸ ಇನ್ನಷ್ಟು ನಡೆಯಿತು. ಆದರೂ ಮೂಲದ ಚೌಕಟ್ಟು ಹಾಗೆಯೇ ಇದೆ. ಸಾಹಿತ್ಯದಲ್ಲೂ ಇಂಗ್ಲಿಷಿಗೆ 820, ಫ್ರೆಂಚಿಗೆ 840 ಎಂದು ಇಡೀ ಹತ್ತರ ಗುಂಪುಗಳನ್ನು ಕೊಟ್ಟು, ಕನ್ನಡವನ್ನು 'ಇತರ ಭಾಷೆಗಳ' 890ರೊಳಗೆ 894.814 ಎಂದು ತೂರಿಸಿದ್ದಾರೆ. ತನ್ನ ಭಾಷೆಗೆ ಪ್ರಾಧಾನ್ಯ ಬೇಕೆನ್ನುವ ಗ್ರಂಥಾಲಯ ಅದಕ್ಕೆ ಚಿಕ್ಕ ಸಂಖ್ಯೆ ಬಳಸಬಹುದು ಎಂಬ ಅನುಮತಿ ಆ ಪದ್ಧತಿಯಲ್ಲೇ ಇದೆ ಎಂಬುದನ್ನು ನಾವು ಮರೆತಿದ್ದೇವೆ.

ಹಾಗೆಂದು ದೋಷವನ್ನೆಲ್ಲ ಪಶ್ಚಿಮದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ನಮ್ಮವರೇ ಆದ ಎಸ್. ಆರ್. ರಂಗನಾಥನ್ 1933ರಲ್ಲಿ ದ್ವಿಬಿಂದು ವರ್ಗೀಕರಣವನ್ನು ಪ್ರಕಟಿಸಿದರು. ಅದರ ಧರ್ಮ ವಿಭಾಗದಲ್ಲಿ ವೈದಿಕ ಧರ್ಮಕ್ಕೆ ಮೊದಲ ಸ್ಥಾನ, ನಂತರ ಹಿಂದೂ, ಜೈನ, ಬೌದ್ಧ, ಯಹೂದಿ, ಕ್ರೈಸ್ತ, ಏಳನೆಯದು ಇಸ್ಲಾಂ. ಇನ್ನೂ ಹಿಂದೆ ಹೋದರೆ, ಹತ್ತನೆಯ ಶತಮಾನದ ಬಗ್ದಾದಿನಲ್ಲಿ ಪುಸ್ತಕ ವ್ಯಾಪಾರಿಯಾಗಿದ್ದ ಇಬ್ನ್ ಅಲ್-ನದೀಮ್ ತನ್ನ ಕಾಲದಲ್ಲಿ ಅರಬಿಯಲ್ಲಿ ಸಿಗುತ್ತಿದ್ದ ಪುಸ್ತಕಗಳ ಬೃಹತ್ ಪಟ್ಟಿಯನ್ನು 'ಅಲ್-ಫಿಹ್ರಿಸ್ತ್' ಎಂಬ ಹೆಸರಿನಲ್ಲಿ 987ರ ಸುಮಾರಿಗೆ ರಚಿಸಿದ. ಹತ್ತು ಅಧ್ಯಾಯಗಳಲ್ಲಿ ಮೊದಲ ಆರು ಧರ್ಮಗ್ರಂಥ, ವ್ಯಾಕರಣ, ಇತಿಹಾಸ, ಕಾವ್ಯ, ಕಲಾಂ, ಫಿಕ್ಹ್ ಇತ್ಯಾದಿ ತನ್ನವರ ವಿದ್ಯೆಗಳಿಗೆ. ಗ್ರೀಕರ ತತ್ವಶಾಸ್ತ್ರವಾಗಲಿ ಭಾರತದ ಮತಪಂಥಗಳಾಗಲಿ ಬರುವುದು ಆಮೇಲೆ. ಪ್ರತಿಯೊಬ್ಬ ವಿಂಗಡಕಾರನೂ ತನ್ನ ಮನೆಯ ಹೊಸ್ತಿಲಿನಿಂದಲೇ ಜಗತ್ತನ್ನು ಎಣಿಸಲು ತೊಡಗುತ್ತಾನೆ. ಅದು ಮನುಷ್ಯ ಸಹಜ. ಇತರರು ತಮ್ಮನ್ನು ಕರೆದುಕೊಳ್ಳುವ ಹೆಸರನ್ನು ಕೇಳಿಸಿಕೊಳ್ಳದೆ ಹೋಗುವುದು ಮಾತ್ರ ತಪ್ಪು.

ಆ ತಪ್ಪನ್ನು ತಿದ್ದಲು ಬೇರೆಡೆ ಗ್ರಂಥಪಾಲಕರೇ ಮುಂದೆ ಬಂದಿದ್ದಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಶೀರ್ಷಿಕೆ ಪಟ್ಟಿಯನ್ನು ಜಗತ್ತಿನ ಹಲವು ದೊಡ್ಡ ಗ್ರಂಥಾಲಯಗಳು ಅನುಸರಿಸುತ್ತವೆ. ಅದರಲ್ಲಿ ಅಡಗಿದ ಪೂರ್ವಗ್ರಹಗಳನ್ನು ಒಂದೊಂದಾಗಿ ಎತ್ತಿ ತೋರಿಸಿ ಸ್ಯಾನ್‌ಫರ್ಡ್ ಬರ್ಮನ್ ಎಂಬ ಗ್ರಂಥಪಾಲಕರು 1971ರಲ್ಲಿ ಒಂದು ಪುಸ್ತಕವನ್ನೇ ಬರೆದರು. 2014ರಲ್ಲಿ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು, ದಾಖಲೆಯಿಲ್ಲದ ವಲಸಿಗರನ್ನು 'ಕಾನೂನುಬಾಹಿರ ಪರಕೀಯರು' ಎಂದು ಕರೆಯುವ ಶೀರ್ಷಿಕೆಯ ವಿರುದ್ಧ ದನಿ ಎತ್ತಿದರು. 2016ರಲ್ಲಿ ಅದನ್ನು ಬದಲಿಸುವುದಾಗಿ ಲೈಬ್ರರಿ ಪ್ರಕಟಿಸಿತು. ರಾಜಕಾರಣಿಗಳು ಅಡ್ಡಬಂದರು. ಕೊನೆಗೆ 2021ರಲ್ಲಿ ಆ ಶೀರ್ಷಿಕೆ ಬದಲಾಯಿತು. ಗ್ರಂಥಾಲಯದ ಪಟ್ಟಿಯಲ್ಲಿನ ಎರಡು ಪದಗಳಿಗಾಗಿ ಸಂಸತ್ತಿನವರೆಗೆ ಜಗಳ ನಡೆಯಿತೆಂದರೆ ಆ ಪದಗಳ ಬಲ ಎಷ್ಟೆಂದು ಊಹಿಸಬಹುದು.

ನಮ್ಮ ಧಾರವಾಡಕ್ಕೂ ಈ ಪ್ರಶ್ನೆ ದೂರದ್ದಲ್ಲ. ಬಸವಣ್ಣನವರ ಮತ್ತು ಲಿಂಗಾಯತ ಧರ್ಮದ ಕುರಿತ ಪುಸ್ತಕಗಳಿಗೆ ಸಾಮಾನ್ಯವಾಗಿ ಕೊಡುವ ಸಂಖ್ಯೆ 294.5513. ಅಂದರೆ ಹಿಂದೂ ಧರ್ಮದೊಳಗಿನ ಶೈವ ಶಾಖೆ. ಲಿಂಗಾಯತವು ಪ್ರತ್ಯೇಕ ಧರ್ಮವೇ ಎಂಬುದರ ಬಗ್ಗೆ ಈ ನಾಡಿನಲ್ಲಿ ದೊಡ್ಡ ಚರ್ಚೆ ನಡೆದಿದೆ. 2018ರಲ್ಲಿ ರಾಜ್ಯ ಸರಕಾರ ಪ್ರತ್ಯೇಕ ಮಾನ್ಯತೆಗಾಗಿ ಕೇಂದ್ರಕ್ಕೆ ಶಿಫಾರಸನ್ನೂ ಮಾಡಿತ್ತು. ಆ ಚರ್ಚೆಯಲ್ಲಿ ಯಾರ ಪಕ್ಷ ಸರಿ ಎಂಬುದು ಇಲ್ಲಿಯ ವಿಷಯವಲ್ಲ. ಆದರೆ ಚರ್ಚೆ ಮುಗಿಯುವ ಮೊದಲೇ ಪ್ರತಿ ಪುಸ್ತಕದ ಬೆನ್ನಿನ ಮೇಲೆ ತೀರ್ಪು ಅಚ್ಚಾಗಿದೆ ಎಂಬುದನ್ನು ಎರಡೂ ಪಕ್ಷದವರು ತಿಳಿದಿರಬೇಕು. ಸಂಖ್ಯೆಯನ್ನು ಬದಲಿಸುವುದು ಒಂದು ಗ್ರಂಥಾಲಯದ ಕೈಯಲ್ಲಿಲ್ಲ. ಆದರೆ 'ಲಿಂಗಾಯತ ಧರ್ಮ', 'ವೀರಶೈವ', 'ವಚನ ಸಾಹಿತ್ಯ' ಎಂಬ ಶೀರ್ಷಿಕೆಗಳನ್ನು ಕೊಟ್ಟು ಓದುಗನಿಗೆ ಎಲ್ಲ ದಾರಿಗಳನ್ನೂ ತೆರೆದಿಡುವುದು ಅದರ ಕೈಯಲ್ಲಿದೆ.

ಈಗ ಕನ್ನಡದ ಪ್ರಶ್ನೆಗೆ ಬರೋಣ. ನಮ್ಮ ಗ್ರಂಥಪಾಲಕರ ಮೇಜಿನ ಮೇಲಿರುವ ಪಟ್ಟಿಗಳು ಇಂಗ್ಲಿಷಿನವು. ಓದುಗ ಕೇಳುವ ಪದ ಕನ್ನಡದ್ದು. 'ಅಲಾವಿ', 'ತತ್ವಪದ', 'ರಿವಾಯತ್', 'ಗದ್ದುಗೆ', 'ಉರೂಸು' ಮುಂತಾದ ಪದಗಳಿಗೆ ಹೊರದೇಶದ ಪಟ್ಟಿಯಲ್ಲಿ ಜಾಗ ಹುಡುಕುವುದು ವ್ಯರ್ಥ. ಅವು ಬದುಕುತ್ತಿರುವುದು ಇಲ್ಲಿಯ ಜನರ ಬಾಯಲ್ಲಿ. ಜನ ಬಳಸುವ ಪದವೇ ಶೀರ್ಷಿಕೆಯಾಗಬೇಕು ಎಂದು ಕಟ್ಟರ್ 1876ರಲ್ಲೇ ಹೇಳಿದ್ದ. ಇದಕ್ಕೆ ಕಾಗುಣಿತದ ಗೊಂದಲವೂ ಸೇರಿಕೊಳ್ಳುತ್ತದೆ. ಶರೀಫ, ಷರೀಫ, ಶರೀಫ್, ಶರೀಫ ಸಾಹೇಬ. ಕುರಾನ್, ಖುರಾನ್, ಕುರ್‌ಆನ್. ಮೊಹರಂ, ಮೊಹರಮ್, ಮುಹರ್ರಮ್. ಮನುಷ್ಯನಿಗೆ ಇವೆಲ್ಲ ಒಂದೇ. ಕಂಪ್ಯೂಟರಿಗೆ ಒಂದೊಂದೂ ಬೇರೆ. ಹಳೆಯ ಕಾಲದ ಚೀಟಿ ಪೆಟ್ಟಿಗೆಯಲ್ಲಿ ಇದಕ್ಕೊಂದು ಸರಳ ಉಪಾಯವಿತ್ತು: 'ಷರೀಫ: ಶರೀಫ ನೋಡಿ' ಎಂಬ ಒಂದು ಚೀಟಿ. ಪೆಟ್ಟಿಗೆ ಹೋಗಿ ಕಂಪ್ಯೂಟರ್ ಬಂದಾಗ ನಾವು ಆ 'ನೋಡಿ'ಯನ್ನೂ ಪೆಟ್ಟಿಗೆಯ ಜೊತೆ ಎಸೆದುಬಿಟ್ಟೆವೇನೋ ಎಂಬ ಅನುಮಾನ ನಮಗಿದೆ. ಮೂರನೆಯ ಗ್ರಂಥಾಲಯದಲ್ಲಿ ಸರಿಯಾದ ಜಾಗದಲ್ಲಿದ್ದ ಪುಸ್ತಕವೂ ಆ ಹುಡುಗಿಗೆ ಕಾಣದೆ ಹೋದದ್ದು ಇದೇ ಕಾರಣಕ್ಕೆ.

ರಂಗನಾಥನ್ ಅವರು ಕೊಟ್ಟ ಇನ್ನೊಂದು ಉಪಾಯವನ್ನು ಇಲ್ಲಿ ನೆನೆಯಬೇಕು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡ ಅವರು ಸಂಖ್ಯೆಯಿಂದ ಶೀರ್ಷಿಕೆಗೆ ಹಿಂದಿರುಗುವ ಸರಪಳಿ ವಿಧಾನವನ್ನು ರೂಪಿಸಿದ್ದರು. ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' ಪುಸ್ತಕವನ್ನು ತೆಗೆದುಕೊಳ್ಳಿ. ಅದರ ವಿಷಯ ಕರ್ನಾಟಕದಲ್ಲಿ ಸೂಫಿ ಪಂಥ. ಸೂಫಿ ಪಂಥಕ್ಕೆ 297.4. ಅದಕ್ಕೆ ಸ್ಥಳ ಸೂಚಿಸುವ 09, ಕರ್ನಾಟಕದ 5487 ಸೇರಿದರೆ 297.4095487. ಈಗ ಆ ಸಂಖ್ಯೆಯ ಕೊಂಡಿಗಳನ್ನು ಕೊನೆಯಿಂದ ಬಿಚ್ಚುತ್ತ ಬನ್ನಿ: 'ಕರ್ನಾಟಕ, ಸೂಫಿ ಪಂಥ', 'ಸೂಫಿ ಪಂಥ, ಇಸ್ಲಾಂ', 'ಇಸ್ಲಾಂ, ಧರ್ಮ'. ಮೂರೂ ಆ ಪುಸ್ತಕಕ್ಕೆ ಒಪ್ಪುತ್ತವೆ. ಹಾಗಾದರೆ ಸಂಖ್ಯೆ ಸರಿ. ಇದೇ ಪರೀಕ್ಷೆಯನ್ನು ಮೊದಲ ಗ್ರಂಥಾಲಯದ ಶರೀಫರ ಪುಸ್ತಕಕ್ಕೆ ಹಚ್ಚಿದರೆ 297ರಿಂದ ಬರುವುದು 'ಇಸ್ಲಾಂ, ಧರ್ಮ' ಎಂಬ ಒಂದೇ ಕೊಂಡಿ. ಅದರಲ್ಲಿ ಕನ್ನಡವಿಲ್ಲ, ಕಾವ್ಯವಿಲ್ಲ, ಹಾಡಿಲ್ಲ. ತಪ್ಪು ಸಂಖ್ಯೆ ತಾನೇ ಬಾಯಿಬಿಟ್ಟು ಹೇಳುತ್ತದೆ. ಇದಕ್ಕೆ ದುಬಾರಿ ಯಂತ್ರವೂ ಬೇಡ, ಹೆಚ್ಚಿನ ಹಣವೂ ಬೇಡ.

ಇನ್ನು ನಮ್ಮ ಮನೆಯ ದೋಷವನ್ನೂ ಒಪ್ಪಿಕೊಳ್ಳಬೇಕು. ಕನ್ನಡ ಪುಸ್ತಕಗಳ ಶೀರ್ಷಿಕೆ ಪುಟದ ಹಿಂದೆ ಇಂಗ್ಲಿಷಿನಲ್ಲಿ ಒಂದೆರಡು ಸಾಲು ಅಚ್ಚು ಮಾಡುವ ರೂಢಿಯಿದೆ. ಪುಸ್ತಕದ ಹೆಸರು, 'ಕವನಗಳ ಸಂಕಲನ' ಅಥವಾ 'ಲೇಖನಗಳ ಸಂಗ್ರಹ' ಎಂಬ ಎರಡು ಮಾತು, ಲೇಖಕ, ಪ್ರಕಾಶಕ, ಪುಟ, ಬೆಲೆ. ವಾಸ್ತವದಲ್ಲಿ ಆ ಎರಡು ಮಾತುಗಳೇ ವಿಷಯ ಶೀರ್ಷಿಕೆಯ ಬೀಜ. ಪ್ರಕಾಶಕರು ಅದನ್ನು ಕಾಟಾಚಾರಕ್ಕೆ ಬರೆಯುತ್ತಾರೆ. ಮುಸ್ಲಿಂ ಬರಹಗಾರರ, ಮುಸ್ಲಿಂ ಸಂಸ್ಥೆಗಳ ಪುಸ್ತಕಗಳಲ್ಲಿ ಎಷ್ಟೋ ಸಲ ಆ ಸಾಲೂ ಇರುವುದಿಲ್ಲ. ಪ್ರಕಟವಾದ ವರ್ಷವೂ ಇರುವುದಿಲ್ಲ. ಆರೋಗ್ಯದ ಪುಸ್ತಕವಿರಲಿ, ಮಕ್ಕಳ ಕಥೆಯಿರಲಿ, ಮುಖಪುಟದ ಮೇಲೆ ಮಸೀದಿಯ ಮಿನಾರ್, ಅರ್ಧಚಂದ್ರ ಬಿಡಿಸಿ ಕೊಡುತ್ತೇವೆ. ಆಮೇಲೆ ಗ್ರಂಥಾಲಯದವರು ಅದನ್ನು ಧರ್ಮದ ಕಪಾಟಿಗೆ ಹಾಕಿದರೆ ಬೇಸರಪಟ್ಟುಕೊಳ್ಳುತ್ತೇವೆ. ನಮ್ಮ ಪುಸ್ತಕ ಯಾವುದರ ಬಗ್ಗೆ ಎಂದು ನಾವೇ ಹೇಳದಿದ್ದರೆ ಬೇರೆಯವರು ಹೆಸರು ನೋಡಿ ಊಹಿಸುವುದು ಅನಿವಾರ್ಯ.

ಹಾಗಾದರೆ ಮಾಡಬೇಕಾದದ್ದೇನು? ಲೈಬ್ರರಿ ಆಫ್ ಕಾಂಗ್ರೆಸ್ 1971ರಿಂದಲೇ ಪ್ರಕಾಶಕರಿಂದ ಅಚ್ಚಿಗೆ ಮೊದಲೇ ವಿವರ ತರಿಸಿಕೊಂಡು, ಶೀರ್ಷಿಕೆಗಳನ್ನೂ ಸಂಖ್ಯೆಯನ್ನೂ ಪುಸ್ತಕದಲ್ಲಿಯೇ ಅಚ್ಚಾಗುವಂತೆ ಏರ್ಪಾಡು ಮಾಡಿದೆ. 1933ರಲ್ಲಿ ಮನೋಹರ ಗ್ರಂಥಮಾಲೆ ಹುಟ್ಟಿದ ಊರು ಧಾರವಾಡ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ಊರು. ಗ್ರಂಥಾಲಯ ವಿಜ್ಞಾನವನ್ನು ಬೋಧಿಸುವ ಕರ್ನಾಟಕ ವಿಶ್ವವಿದ್ಯಾಲಯ ಇಲ್ಲಿಯೇ ಇದೆ. ಪ್ರಕಾಶಕರು, ವಿದ್ವಾಂಸರು, ಗ್ರಂಥಪಾಲಕರು ಮೂವರೂ ಕೂಗಳತೆಯಲ್ಲಿರುವ ಇಂಥ ಊರು ಅಪರೂಪ. ಈ ಮೂವರೂ ಒಂದು ಕೋಣೆಯಲ್ಲಿ ಕುಳಿತು, ಉತ್ತರ ಕರ್ನಾಟಕದ ಬದುಕಿಗೆ ಬೇಕಾದ ಐನೂರು ಕನ್ನಡ ವಿಷಯ ಶೀರ್ಷಿಕೆಗಳ ಒಂದು ಪಟ್ಟಿಯನ್ನಾದರೂ ಮಾಡಬಾರದೇಕೆ? ಪ್ರತಿ ಶೀರ್ಷಿಕೆಯ ಪಕ್ಕದಲ್ಲಿ ಡ್ಯೂಯಿ ಸಂಖ್ಯೆ, ಕೆಳಗೆ ಬೇರೆ ಬೇರೆ ಕಾಗುಣಿತಗಳು, 'ಇದನ್ನೂ ನೋಡಿ' ಎಂಬ ಸೂಚನೆಗಳು. ಮೊಹರಮ್ಮಿನ ಹಾಡುಗಳ ಬಗ್ಗೆ ಬರೆಯುವಾಗ ಡೋಲಿ ಹೊರುವ ಹಳ್ಳಿಯ ಮುಸ್ಲಿಮೇತರ ಹಿರಿಯರನ್ನೂ ಕೇಳಬೇಕು. ವಚನಗಳ ಬಗ್ಗೆ ಬರೆಯುವಾಗ ಶರಣರನ್ನು ಕೇಳಬೇಕು. ಯಾರ ಬದುಕಿಗೆ ಹೆಸರಿಡುತ್ತಿದ್ದೇವೆಯೋ ಅವರನ್ನು ಕೇಳದೆ ಹೆಸರಿಡಬಾರದು.

ಕೊನೆಯದಾಗಿ, ಶರೀಫರ ಪುಸ್ತಕ ಎಲ್ಲಿರಬೇಕು? ಇದು ಸುಲಭದ ಪ್ರಶ್ನೆಯಲ್ಲವೆಂದು ಒಪ್ಪುತ್ತೇವೆ. ಪ್ರಾರ್ಥನೆಗೆಂದೇ ಅಚ್ಚಾದ ಭಜನೆಯ ಪುಸ್ತಕಗಳು ಧರ್ಮದ ತರಗತಿಗೆ ಹೋಗುವುದುಂಟು. ಶರೀಫರ ಸೂಫಿ ದರ್ಶನವನ್ನಷ್ಟೇ ವಿಚಾರಿಸುವ ಅಧ್ಯಯನ ಗ್ರಂಥ ಬಂದರೆ 297.4ಕ್ಕೆ ಹೋದೀತು. ಆದರೆ ಅವರ ಪದಗಳ ಸಂಗ್ರಹ ಮೊದಲು ಕನ್ನಡದ ಕಾವ್ಯ. ಅದರ ಮನೆ 894.8141. ಆ ಮನೆಗೆ ದಾರಿಗಳು ಮಾತ್ರ ಹಲವು ಬೇಕು: ತತ್ವಪದಗಳು; ಅಲಾವಿ ಪದಗಳು; ಮೊಹರಂ – ಹಾಡುಗಳು; ಸೂಫಿ ಪಂಥ – ಕರ್ನಾಟಕ; ಗುರು-ಶಿಷ್ಯ ಸಂಬಂಧ; ಗೋವಿಂದ ಭಟ್ಟರು. ಇಮಾಮ್ ಸಾಹೇಬರ ಮಗನಾಗಿ ಹುಟ್ಟಿ, ಬ್ರಾಹ್ಮಣ ಗುರುವಿನ ಬಳಿ ಕಲಿತು, ಇಂದು ಎರಡೂ ಕಡೆಯವರು ನಡೆದುಕೊಳ್ಳುವ ಗದ್ದುಗೆಯಲ್ಲಿ ಮಲಗಿರುವವರನ್ನು ಒಂದು ಸಂಖ್ಯೆಯಲ್ಲಿ ಕಟ್ಟಿಹಾಕಲು ಆಗದು. ಅದಕ್ಕಾಗಿಯೇ ಶೀರ್ಷಿಕೆಗಳಿವೆ.

ಇದನ್ನೆಲ್ಲ ಮೊದಲ ಗ್ರಂಥಾಲಯದ ಆ ಸಿಬ್ಬಂದಿಯ ಬಳಿ ಹೇಳಿದಾಗ ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ಹೇಳವ್ರು ಯಾರೂ ಇರ್ಲಿಲ್ರೀ ಸರ್, ನಮಗೂ ಹಿಂಗ ಯಾರೂ ಕೇಳಿರ್ಲಿಲ್ಲ" ಎಂದರು. ಆ ಮಾತು ನಮ್ಮನ್ನೇ ಚುಚ್ಚಿತು. ಓದುಗರು ಕೇಳಿದ್ದರೆ ತಾನೇ ಅವರಿಗೆ ಗೊತ್ತಾಗುವುದು? ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಮುಂದಿನ ಸಲ ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋದಾಗ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪುಸ್ತಕವನ್ನು ಹುಡುಕಿ ನೋಡಿ. ಲೇಖಕರ ಹೆಸರಿನಿಂದ ಬೇಡ, ವಿಷಯದಿಂದ ಹುಡುಕಿ. ಸಿಗದಿದ್ದರೆ ಸುಮ್ಮನೆ ಹಿಂದಿರುಗಬೇಡಿ. ಮೇಜಿನ ಬಳಿ ಹೋಗಿ, ಆ ಪುಸ್ತಕ ಯಾವುದರ ಬಗ್ಗೆ ಇದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟು ಬನ್ನಿ.